ಅತಿಥಿ ಯಂತ್ರದೊಳಗಿನ ಬೈಬಲ್

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಎಲ್ಲೋ ಅಮೆರಿಕದಲ್ಲಿ ಕೈಗೊಂಡ ಈ ತೀರ್ಮಾನಕ್ಕೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಮ್ಮ ಕುಟುಂಬಗಳಿಗೂ ಸಂಬಂಧವೇನೆಂದು ನಿಮಗನ್ನಿಸಬಹುದು. ಸಂಬಂಧವಿದೆ. ನಮ್ಮ ಮನೆಗಳಲ್ಲಿ, ಧರ್ಮಕೇಂದ್ರದ ಕಚೇರಿಯಲ್ಲಿ, ಧರ್ಮೋಪದೇಶ ತರಗತಿಯ ಮೂಲೆಯ ಮೇಜಿನ ಮೇಲೆ ಇರುವ ಕಂಪ್ಯೂಟರುಗಳು ಹೆಚ್ಚಾಗಿ ಹೊಸವಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ಹೊಸದನ್ನು ಕೊಂಡಾಗ ಊರಿಗೆ ಬಂದಿಳಿದ ಹಳೆಯ ಲ್ಯಾಪ್‌ಟಾಪುಗಳವು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಅಂಥ ಅನೇಕ ಯಂತ್ರಗಳಲ್ಲಿ ಇರುವುದಿಲ್ಲ. ಇದ್ದರೂ ಅವುಗಳ ಪ್ರೊಸೆಸರ್ ಹಳೆಯ ತಲೆಮಾರಿನದೆಂದು ಹೊಸ ವ್ಯವಸ್ಥೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಲಿನಕ್ಸಿನ ಕಡೆಗೆ ಹೊರಳುತ್ತಾರೆ; ಅದು ಉಚಿತ, ಹಳೆಯ ಯಂತ್ರದ ಮೇಲೂ ಓಡುತ್ತದೆ. ಆಗ ಏಳುವ ಮೊದಲ ಪ್ರಶ್ನೆಯನ್ನು ಕುರಿತು ಈ ಬರಹ: ಇಷ್ಟು ವರ್ಷ ಬಳಸಿದ ಬೈಬಲ್ ಅಧ್ಯಯನ ತಂತ್ರಾಂಶ ಏನಾಗಬೇಕು?

ದಾರಿಗಳು ಎರಡು. ಒಂದು, ಆ ಯಂತ್ರಕ್ಕೆ, ಆ ಕಾರ್ಯಾಚರಣ ವ್ಯವಸ್ಥೆಗೆ ಎಂದೇ ಬರೆದ ತಂತ್ರಾಂಶವನ್ನು ಹಿಡಿಯುವುದು. ಇದನ್ನು ಇಲ್ಲಿ 'ನೇರ ತಂತ್ರಾಂಶ' ಎಂದು ಕರೆಯೋಣ. ಇನ್ನೊಂದು, ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಕಲ್ಪಿಸಿ, ಅದರೊಳಗೆ ಹಳೆಯ ವಿಂಡೋಸನ್ನು ಕೂರಿಸಿ, ಅದರೊಳಗೆ ಹಳೆಯ ತಂತ್ರಾಂಶವನ್ನು ನಡೆಸುವುದು. ವರ್ಚುವಲ್‌ಬಾಕ್ಸ್, ಪ್ಯಾರಲಲ್ಸ್ ಮೊದಲಾದವು ಮಾಡುವ ಕೆಲಸ ಇದು. ಹೊರಗಿನ ವ್ಯವಸ್ಥೆಯನ್ನು ಆತಿಥೇಯ ಎಂದೂ ಒಳಗಿನದನ್ನು ಅತಿಥಿ ಎಂದೂ ಕರೆಯುವುದು ಆ ವಿದ್ಯೆಯಲ್ಲಿ ರೂಢಿ. ಇವೆರಡರ ನಡುವೆ 'ವೈನ್' ಎಂಬ ಹೊದಿಕೆಯೊಂದಿದೆ. 1993ರಲ್ಲಿ ಆರಂಭವಾಗಿ 2008ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಇದು ಇಡೀ ವಿಂಡೋಸನ್ನು ತರುವುದಿಲ್ಲ. ವಿಂಡೋಸ್ ತಂತ್ರಾಂಶ ಕೇಳುವ ಮಾತಿಗೆ ಲಿನಕ್ಸಿನ ಕಡೆಯಿಂದ ಉತ್ತರ ಕೊಡುವ ದುಭಾಷಿಯಂತೆ ನಿಲ್ಲುತ್ತದೆ.

ನಗರದ ತಂತ್ರಜ್ಞರು ಈ ಆಯ್ಕೆಯನ್ನು ವೇಗದ ಲೆಕ್ಕದಲ್ಲಿ ತೂಗುತ್ತಾರೆ. ನಮಗೆ ವೇಗ ಅಷ್ಟು ದೊಡ್ಡದಲ್ಲ. ಭಾನುವಾರದ ವಾಚನವನ್ನು ಶನಿವಾರ ರಾತ್ರಿ ಓದಿಕೊಳ್ಳುವ ವಾಚಕಿಗೆ ಒಂದು ವಚನ ಎರಡು ಕ್ಷಣ ತಡವಾಗಿ ತೆರೆದರೆ ನಷ್ಟವಿಲ್ಲ. ನಮ್ಮಲ್ಲಿ ಅಪಾಯಕ್ಕೆ ಒಡ್ಡಿಕೊಂಡಿರುವುದು ಬೇರೆಯದು: ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿ. ಧರ್ಮೋಪದೇಶಕರೊಬ್ಬರು ಹದಿನೈದು ವರ್ಷ ಮಕ್ಕಳಿಗೆ ಪಾಠ ಹೇಳಲು ಮಾಡಿಕೊಂಡ ಗುರುತುಗಳು, ಕಿರು ಕ್ರೈಸ್ತ ಸಮುದಾಯದ ಕೂಟಗಳಲ್ಲಿ ಹುಟ್ಟಿದ ಪ್ರಶ್ನೆಗಳು, ತೀರಿಕೊಂಡ ತಂದೆ ಒಂದೊಂದು ಕೀರ್ತನೆಯ ಪಕ್ಕದಲ್ಲಿ ಬರೆದ ಎರಡೆರಡು ಸಾಲು. ಮುದ್ರಿತ ಬೈಬಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಮೊಮ್ಮಕ್ಕಳವರೆಗೆ ಉಳಿಯುತ್ತದೆ. ತಂತ್ರಾಂಶದೊಳಗೆ ಬರೆದದ್ದು ಆ ತಂತ್ರಾಂಶ ಉಳಿದಷ್ಟು ದಿನ ಮಾತ್ರ.

ಈ ಮಾತು ಉತ್ಪ್ರೇಕ್ಷೆಯೆಂದು ತೋರುವವರು ಬೈಬಲ್‌ವರ್ಕ್ಸ್ ಕಥೆಯನ್ನು ಗಮನಿಸಬೇಕು. 1992ರಲ್ಲಿ ಹೊರಬಂದ ಆ ತಂತ್ರಾಂಶ ಹೀಬ್ರೂ, ಗ್ರೀಕ್ ಮೂಲಗಳನ್ನು ಅಭ್ಯಸಿಸುವವರಲ್ಲಿ ಬಹು ಗೌರವ ಪಡೆದಿತ್ತು. ಗುರುವಿದ್ಯಾಮಂದಿರಗಳಲ್ಲಿ ಅದನ್ನು ಬಲ್ಲವರಿದ್ದರು. ಅದು ಹುಟ್ಟಿದ್ದು ವಿಂಡೋಸಿಗೆ. ಆಪಲ್ ಕಂಪ್ಯೂಟರಿನವರು ಕೇಳಿದಾಗ ವಿಂಡೋಸ್ ಪ್ರತಿಯನ್ನೇ ಹೊದಿಕೆಯೊಳಗಿಟ್ಟು ಓಡಿಸುವ ದಾರಿಯೂ, ಕಲ್ಪಿತ ಯಂತ್ರದೊಳಗೆ ಓಡಿಸುವ ದಾರಿಯೂ ಅವರಿಗೆ ಸಿಕ್ಕಿದವು. ಬಳಕೆದಾರರು ಯಾವುದು ಮೇಲು ಎಂದು ವಾದಿಸಿದ್ದೇ ವಾದಿಸಿದ್ದು. 2018ರ ಜೂನ್ 15ರಂದು ಆ ಸಂಸ್ಥೆಯೇ ಬಾಗಿಲು ಮುಚ್ಚಿತು. ಮರುವರ್ಷ, ಅಂದರೆ 2019ರಲ್ಲಿ, ಆಪಲ್‌ನ ಹೊಸ ವ್ಯವಸ್ಥೆ 32 ಬಿಟ್‌ನ ತಂತ್ರಾಂಶಗಳನ್ನು ನಡೆಸುವುದನ್ನೇ ನಿಲ್ಲಿಸಿತು. 2020ರ ಕೊನೆಯಲ್ಲಿ ಆಪಲ್ ತನ್ನದೇ ಪ್ರೊಸೆಸರಿಗೆ ಬದಲಾದಾಗ, ಮ್ಯಾಕ್ ಮೇಲೆ ವಿಂಡೋಸನ್ನು ನೇರವಾಗಿ ಹಾಕಿಕೊಳ್ಳುವ ಬೂಟ್‌ಕ್ಯಾಂಪ್ ಸೌಲಭ್ಯವೂ ಆ ಹೊಸ ಯಂತ್ರಗಳಲ್ಲಿ ಇಲ್ಲವಾಯಿತು. ಎರಡೂವರೆ ವರ್ಷಗಳೊಳಗೆ ಮೂರು ಬಾಗಿಲು ಮುಚ್ಚಿದವು. ಇಂದು ಹಳೆಯ ಬೈಬಲ್‌ವರ್ಕ್ಸ್ ಪ್ರತಿಯನ್ನು ಜೀವಂತವಾಗಿಟ್ಟುಕೊಂಡಿರುವ ಅನೇಕರಿಗೆ ಆಸರೆಯಾಗಿರುವುದು ಕಲ್ಪಿತ ಯಂತ್ರವೇ, ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಸತ್ತ ತಂತ್ರಾಂಶವನ್ನು ಕಾಪಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದದ್ದು ಅಕಾರ್ಡೆನ್ಸ್. 1994ರಲ್ಲಿ ಮ್ಯಾಕ್‌ಗೆಂದೇ ಹುಟ್ಟಿದ ಇದನ್ನು ವಿಂಡೋಸ್ ಮೇಲೆ ಬಳಸಬಯಸಿದವರು ಹಳೆಯ ಮ್ಯಾಕ್ ಯಂತ್ರವನ್ನು ಅನುಕರಿಸುವ ತಂತ್ರಾಂಶದೊಳಗೆ ಅದನ್ನು ಕೂರಿಸಿಕೊಳ್ಳಬೇಕಿತ್ತು. 2013ರಲ್ಲಿ ವಿಂಡೋಸಿಗೆ ನೇರ ಪ್ರತಿ ಬಂದಿತು. ಲೋಗೋಸ್ ಕೂಡ ಹಾಗೆಯೇ: 1990ರ ದಶಕದ ಮೊದಲಲ್ಲಿ ವಿಂಡೋಸಿಗೆ ಬಂದು, 2008ರಲ್ಲಿ ಮ್ಯಾಕ್‌ಗೆ ನೇರ ಪ್ರತಿ ಕೊಟ್ಟಿತು, 2024ರಲ್ಲಿ ಚಂದಾ ಪದ್ಧತಿಗೆ ಹೊರಳಿತು. ಈ ಎರಡೂ ಸಂಸ್ಥೆಗಳು ಬದುಕಿ ಉಳಿದುದಕ್ಕೂ ನೇರ ಪ್ರತಿಗಳನ್ನು ಬರೆಯುವ ಶ್ರಮಕ್ಕೆ ಕೈಹಾಕಿದ್ದಕ್ಕೂ ನಂಟಿದೆಯೆಂಬುದು ನನ್ನ ಎಣಿಕೆ. ಬೆಲೆಯ ವಿಷಯಕ್ಕೆ ಬಂದರೆ, ಅಡಿಕೆ ಧಾರಣೆ ಏರಿದ ವರ್ಷದಲ್ಲೂ ಚನ್ನಗಿರಿಯ ಸಾಮಾನ್ಯ ಕುಟುಂಬ ಇವುಗಳ ದೊಡ್ಡ ಸಂಗ್ರಹಗಳತ್ತ ಕೈಚಾಚುವುದು ಕಷ್ಟ. ಆದ್ದರಿಂದ ಇವನ್ನು ಇಲ್ಲಿಗೆ ಬಿಡೋಣ.

ನಮ್ಮ ಊರುಗಳ ಮನೆಗಳಿಗೆ ಹೊಂದುವುದು ಉಚಿತ ತಂತ್ರಾಂಶ. ಅದರಲ್ಲಿ ಮುಖ್ಯವಾದದ್ದು ಇ-ಸ್ವೋರ್ಡ್. ಅಮೆರಿಕದ ರಿಕ್ ಮೇಯರ್ಸ್ ಎಂಬವರು 2000ದಲ್ಲಿ ಹೊರತಂದ ಇದು ವಿಂಡೋಸಿಗೆ ಉಚಿತವಾಗಿಯೇ ಇದೆ. ಇದರ ಗುಣ ಹೇಳಲೇಬೇಕು: ಒಂದು ಕಡೆ ಪಠ್ಯ, ಇನ್ನೊಂದು ಕಡೆ ವ್ಯಾಖ್ಯಾನ, ಕೆಳಗೆ ನಿಘಂಟು, ಪಕ್ಕದಲ್ಲೇ ನಿಮ್ಮ ಟಿಪ್ಪಣಿ. ಕಂಪ್ಯೂಟರಿನ ಅಭ್ಯಾಸವಿಲ್ಲದ ಹಿರಿಯರೂ ಒಂದು ವಾರದಲ್ಲಿ ಕಲಿಯಬಲ್ಲಷ್ಟು ಸರಳ. ಸ್ವೋರ್ಡ್ ಎಂದರೆ ಕತ್ತಿ. ದೇವರ ವಾಕ್ಯವನ್ನು ಸಂತ ಪೌಲರು ಕತ್ತಿಗೆ ಹೋಲಿಸಿದ್ದು ನಿಮಗೆ ನೆನಪಿರಬಹುದು. ಆದರೆ ಲಿನಕ್ಸಿಗೆ ಇದರ ನೇರ ಪ್ರತಿಯಿಲ್ಲ. ವೈನ್ ಹೊದಿಕೆಯಲ್ಲಿ ಕೆಲವು ಆವೃತ್ತಿಗಳು ನಡೆಯುತ್ತವೆ, ಕೆಲವು ಮುಗ್ಗರಿಸುತ್ತವೆ. ಹೊಸ ಆವೃತ್ತಿ ಬಂದಾಗಲೆಲ್ಲ ಮತ್ತೆ ಪರೀಕ್ಷಿಸಬೇಕು. ಕಲ್ಪಿತ ಯಂತ್ರದಲ್ಲಿ ವಿಂಡೋಸನ್ನೇ ಹಾಕಿದರೆ ತೊಂದರೆಯಿಲ್ಲದೆ ನಡೆಯುತ್ತದೆ, ಆದರೆ ಅದರ ಖರ್ಚು ಬೇರೆ.

ಆ ಖರ್ಚನ್ನು ಸ್ವಲ್ಪ ವಿವರವಾಗಿ ನೋಡೋಣ. ಜಾಹೀರಾತುಗಳಲ್ಲಿ ಇದು ಕಾಣುವುದಿಲ್ಲ. ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಇದ್ದರೆ, ಒಳಗಿನ 64 ಬಿಟ್‌ನ ವಿಂಡೋಸ್ 10 ಕನಿಷ್ಠ 2 ಜಿಬಿ ಕೇಳುತ್ತದೆ. ಉಳಿದ ಅರ್ಧದಲ್ಲಿ ಆತಿಥೇಯ ಲಿನಕ್ಸ್ ಉಸಿರಾಡಬೇಕು. ಅತಿಥಿಗೆ ಅರ್ಧ ಮನೆ ಬಿಟ್ಟುಕೊಟ್ಟು ಮನೆಯವರು ಜಗಲಿಯಲ್ಲಿ ಮಲಗಿದಂತೆ! ಹಾರ್ಡ್ ಡಿಸ್ಕಿನಲ್ಲಿ ಇಪ್ಪತ್ತು ಮೂವತ್ತು ಜಿಬಿ ಹೋಗುತ್ತದೆ. 2019ರ ಕೊನೆಗೆ ಬಂದ ವರ್ಚುವಲ್‌ಬಾಕ್ಸ್ 6.1ರಿಂದ ಮುಂದೆ, ಪ್ರೊಸೆಸರಿನಲ್ಲಿಯೇ ಕಲ್ಪಿತ ಯಂತ್ರಕ್ಕೆ ಬೇಕಾದ ಸೌಲಭ್ಯವಿದ್ದು ಅದು ಚಾಲೂ ಆಗಿರಬೇಕು. ತೀರಾ ಹಳೆಯ ಯಂತ್ರಗಳು ಇಲ್ಲಿಯೇ ಸೋಲುತ್ತವೆ. ಒಳಗಿನ ವಿಂಡೋಸಿಗೂ ಪರವಾನಗಿ ಬೇಕೆಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಬೆಂಬಲ ಮುಗಿದ ವಿಂಡೋಸನ್ನು ಒಳಗೆ ಕೂರಿಸಿದರೆ ಅದರ ದೌರ್ಬಲ್ಯಗಳೂ ಒಳಗೇ ಬಂದವು. ಅದಕ್ಕೆ ಅಂತರ್ಜಾಲ ಕೊಡದೆ ಬೀಗ ಹಾಕಿಟ್ಟರೆ ಮಾತ್ರ ನೆಮ್ಮದಿ. ಇನ್ನು ಕರೆಂಟು. ಜಗಳೂರಿನ ಕಡೆಯ ಬೇಸಿಗೆಯ ಪಾಡು ಬಲ್ಲವರಿಗೆ ವಿವರಿಸಬೇಕಿಲ್ಲ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿನಲ್ಲಿ ಕಲ್ಪಿತ ಯಂತ್ರ ನಡೆಯುತ್ತಿರುವಾಗ ಕರೆಂಟು ಹೋದರೆ ಎರಡು ವ್ಯವಸ್ಥೆಗಳು ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಇಡೀ ಒಳಯಂತ್ರ ಹೊರಗಿನವರ ಕಣ್ಣಿಗೆ ಒಂದೇ ಒಂದು ದೊಡ್ಡ ಕಡತ. ಅದು ಕೆಟ್ಟರೆ ಬೈಬಲೂ ಹೋಯಿತು, ಟಿಪ್ಪಣಿಯೂ ಹೋಯಿತು.

ಅದೇ ಒಂದು ಕಡತವಾಗಿರುವುದು ಅನುಕೂಲವೂ ಹೌದು. ಹೊನ್ನಾಳಿಯಲ್ಲಿ ಸಿದ್ಧಪಡಿಸಿದ ಒಳಯಂತ್ರವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿ ನ್ಯಾಮತಿಗೆ ಒಯ್ದು ಮತ್ತೊಂದು ಯಂತ್ರದಲ್ಲಿ ತೆರೆದರೆ, ಅಕ್ಷರ, ಕೀಲಿಮಣೆ, ತೆರೆದಿಟ್ಟ ಪುಟದ ಸಮೇತ ಎಲ್ಲವೂ ಇದ್ದ ಹಾಗೆಯೇ ಕಾಣಿಸುತ್ತದೆ. ನೇರ ತಂತ್ರಾಂಶದಲ್ಲಿ ಇದು ಇಷ್ಟು ಸುಲಭವಲ್ಲ.

ಈಗ ಕನ್ನಡಿಗರಿಗೇ ಮೀಸಲಾದ ತೊಡಕಿಗೆ ಬರೋಣ. ಇಂಗ್ಲಿಷಿನಲ್ಲಿ ಈ ವಿಷಯ ಕುರಿತು ಬರೆಯುವವರಿಗೆ ಇದರ ಪರಿವೆಯೇ ಇರುವುದಿಲ್ಲ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ನಮ್ಮಲ್ಲಿ ಬಹುಕಾಲ ನಡೆದದ್ದು ಅದಲ್ಲ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳ ಶ್ರೀಲಿಪಿ, ಆಕೃತಿ ಇವು ನಮ್ಮ ಬರವಣಿಗೆಯನ್ನು ಕಂಪ್ಯೂಟರಿಗೆ ತಂದವು. ಅವುಗಳ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರಗಳಲ್ಲಿ ಬರೆದುದು ಕಂಪ್ಯೂಟರಿನ ದೃಷ್ಟಿಯಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಮೇಲೆ ಕನ್ನಡದ ಮುಖವಾಡ. ಆ ಫಾಂಟ್ ಇರುವವರೆಗೆ ಕನ್ನಡ, ಇಲ್ಲವಾದೊಡನೆ ಅರ್ಥವಿಲ್ಲದ ಗೀಚು. ನಮ್ಮ ಧರ್ಮೋಪದೇಶಕರು 2005ರ ಆಸುಪಾಸಿನಲ್ಲಿ ಇ-ಸ್ವೋರ್ಡಿನ ಟಿಪ್ಪಣಿಯಲ್ಲಿ ನುಡಿಯ ಅಕ್ಷರದಿಂದ ಬರೆದುದನ್ನು ಇಂದು ಲಿನಕ್ಸಿನ ನೇರ ತಂತ್ರಾಂಶಕ್ಕೆ ಒಯ್ದು ನೋಡಿ. ಮಾಲೆಯಂತೆ ಚಿಹ್ನೆಗಳು ಬಂದು ನಿಲ್ಲುತ್ತವೆ. ಟಿಪ್ಪಣಿ ನಾಶವಾಯಿತೆಂದು ಕುಟುಂಬದವರು ಎದೆಗುಂದಿ ಕಡತವನ್ನು ಅಳಿಸಿಬಿಡುವ ಸಂಭವವೂ ಇದೆ. ದಯಮಾಡಿ ಹಾಗೆ ಮಾಡದಿರಿ. ಅದು ನಾಶವಾಗಿಲ್ಲ. ಹಳೆಯ ಅಕ್ಷರದಿಂದ ಯೂನಿಕೋಡಿಗೆ ತಿರುಗಿಸುವ ಸಾಧನಗಳು ಬರಹದಲ್ಲೂ ನುಡಿಯಲ್ಲೂ ಇವೆ.

ಕಲ್ಪಿತ ಯಂತ್ರದ ನಿಜವಾದ ಯೋಗ್ಯತೆ ಕಾಣುವುದು ಇಲ್ಲಿ. ಹಳೆಯ ವಿಂಡೋಸ್, ಹಳೆಯ ನುಡಿ, ಹಳೆಯ ಇ-ಸ್ವೋರ್ಡ್ ಮೂರೂ ಒಟ್ಟಿಗೆ ಇರುವ ಕಡೆಯಲ್ಲಿ ಮಾತ್ರ ಆ ಟಿಪ್ಪಣಿ ಕನ್ನಡವಾಗಿ ಕಾಣುತ್ತದೆ. ಅಲ್ಲಿ ಅದನ್ನು ತೆರೆದು, ಓದಿ, ಪರಿವರ್ತಿಸಿ, ಹೊರಗೆ ತರಬೇಕು. ಪರಿವರ್ತನೆಯ ನಂತರ ಒಮ್ಮೆ ಕಣ್ಣಾಡಿಸುವುದು ಅಗತ್ಯ. ಒತ್ತಕ್ಷರಗಳೂ ಅರ್ಕಾವೊತ್ತೂ ಅಲ್ಲಲ್ಲಿ ಸ್ಥಾನಪಲ್ಲಟವಾಗಿರುತ್ತವೆ. ಇದು ಬೇಸರದ ಕೆಲಸ, ನಿಜ. ಆದರೆ ಹೈಸ್ಕೂಲು ಓದುವ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಿದರೆ ಅಜ್ಜನ ಟಿಪ್ಪಣಿಯನ್ನು ಅವರು ಮೊದಲ ಸಲ ಓದಿದಂತೆಯೂ ಆಗುತ್ತದೆ.

ನೇರ ತಂತ್ರಾಂಶಗಳಲ್ಲಿ ನಮಗೆ ದೊರೆಯುವುದು ಕ್ರಾಸ್‌ವೈರ್ ಸಂಸ್ಥೆಯ 'ಸ್ವೋರ್ಡ್' ಯೋಜನೆಯ ಕುಟುಂಬ. ಹೆಸರಿನಲ್ಲಿ ಕತ್ತಿ ಇಲ್ಲಿಯೂ ಇದೆ, ಆದರೆ ಇ-ಸ್ವೋರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಒಂದರ ಪುಸ್ತಕ ಇನ್ನೊಂದರಲ್ಲಿ ತೆರೆಯದು. ಲಿನಕ್ಸಿಗೆ ಬೈಬಲ್‌ಟೈಮ್ ಮತ್ತು ಕ್ಸೈಫೋಸ್, ಆಂಡ್ರಾಯ್ಡ್ ಮೊಬೈಲಿಗೆ ಆಂಡ್‌ಬೈಬಲ್. ಎಲ್ಲವೂ ಉಚಿತ, ಮೂಲಸಂಕೇತ ಬಹಿರಂಗ. ಮಾಡುವವರು ನಿಲ್ಲಿಸಿದರೂ ಬೇರೆಯವರು ಮುಂದುವರಿಸಬಹುದು. ಬೈಬಲ್‌ವರ್ಕ್ಸ್ ಕಥೆ ಓದಿದವರಿಗೆ ಇದರ ಬೆಲೆ ತಿಳಿಯುತ್ತದೆ. ಒಮ್ಮೆ ಪುಸ್ತಕಗಳನ್ನು ಇಳಿಸಿಕೊಂಡರೆ ಮುಂದೆ ಅಂತರ್ಜಾಲ ಬೇಕಿಲ್ಲ. ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತವೆ. ಕನ್ನಡವನ್ನು ಯೂನಿಕೋಡಿನಲ್ಲಿ ತೋರಿಸುತ್ತವೆ. ಆತಿಥೇಯ ವ್ಯವಸ್ಥೆಯ ಫಾಂಟನ್ನೇ ಬಳಸುವುದರಿಂದ ಒತ್ತಕ್ಷರ ಒಡೆಯುವ ತೊಂದರೆ ಕಡಿಮೆ. ನೋಟಕ್ಕೆ ಇ-ಸ್ವೋರ್ಡಿನಷ್ಟು ಸೊಗಸಿಲ್ಲ. ಅದರ ಟಿಪ್ಪಣಿಯ ಏರ್ಪಾಡಿಗೆ ಒಗ್ಗಿದವರಿಗೆ ಮೊದಮೊದಲು ಕೈಕಟ್ಟಿದಂತೆ ಆಗುತ್ತದೆ.

ಕನ್ನಡ ಪಠ್ಯವಾಗಿ ಇವುಗಳಿಗೆ ಸಿಗುವುದು 2019ರ ಇಂಡಿಯನ್ ರಿವೈಸ್ಡ್ ವರ್ಷನ್. ಬ್ರಿಡ್ಜ್ ಕನೆಕ್ಟಿವಿಟಿ ಸೊಲ್ಯೂಶನ್ಸ್ ಸಂಸ್ಥೆ ಇದನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದೆ. ಯಾರೂ ನಕಲಿಸಬಹುದು, ಹಂಚಬಹುದು. ನಮ್ಮ ಕೆಲವು ಮನೆಗಳಲ್ಲಿ ಮಾತು ತಮಿಳು, ಮಲಯಾಳ ಅಥವಾ ತೆಲುಗು, ಓದು ಕನ್ನಡ. ಆ ಭಾಷೆಗಳಲ್ಲೂ ಇದೇ ಮಾಲೆಯ ಅನುವಾದಗಳು ಇರುವುದರಿಂದ ಅಮ್ಮನ ಭಾಷೆ ಒಂದು ಕಡೆ, ಕನ್ನಡ ಇನ್ನೊಂದು ಕಡೆ ಇಟ್ಟು ಓದುವ ಸಂತೋಷ ದೊರೆಯುತ್ತದೆ. ಆದರೆ ನಾವು ಬಲಿಪೂಜೆಯಲ್ಲಿ ಕೇಳುವ, ಕಿವಿಗೆ ಒಗ್ಗಿದ ಪಠ್ಯ ಇದಲ್ಲ. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಸತ್ಯವೇದ ಮತ್ತು ಸಾಮಾನ್ಯ ಭಾಷೆಯ ಅನುವಾದಗಳ ಹಕ್ಕು ಆ ಸೊಸೈಟಿಯದು. ಯೂವರ್ಶನ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಅವು ಅನುಮತಿಯಿಂದ ದೊರೆಯುತ್ತವೆ. ಕಂಪ್ಯೂಟರಿಗೆ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬರುವ ಪ್ರತಿಗಳ ವಿಷಯ ಬೇರೆ. ದೇವರ ವಾಕ್ಯಕ್ಕೆ ಹಕ್ಕುಸ್ವಾಮ್ಯವೇ ಎಂದು ಕೆಲವರು ಕೇಳುತ್ತಾರೆ. ವಾಕ್ಯಕ್ಕಲ್ಲ, ಅದನ್ನು ಕನ್ನಡಕ್ಕೆ ತಂದ, ತಿದ್ದಿದ, ಅಚ್ಚು ಹಾಕಿದ ಶ್ರಮಕ್ಕೆ. ಅಕ್ಷರದೋಷಗಳಿಂದ ತುಂಬಿದ, ಯಾರು ತಯಾರಿಸಿದರೆಂದು ತಿಳಿಯದ ಪ್ರತಿಯನ್ನು ಅಧ್ಯಯನಕ್ಕೆ ನೆಚ್ಚುವುದು ಬೇರೆ ಕಾರಣಕ್ಕೂ ಸರಿಯಲ್ಲ.

ಇಲ್ಲಿ ಒಂದು ಮಾತು. ಜಗಳೂರಿಗೆ ದೂರವಲ್ಲದ ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಆ ಮೊದಲ ಅನುವಾದವನ್ನು ಮುಂದೆ ಬಾಸೆಲ್ ಮಿಶನ್ನಿನ ವೈಗಲ್ ಮೊದಲಾದವರು ಮತ್ತೆ ತಿದ್ದಬೇಕಾಯಿತು. ಪರಭಾಷೆಯ ವಾಕ್ಯರಚನೆ ಒಳಗೆ ಓಡುತ್ತ, ಹೊರಗೆ ಕನ್ನಡದ ಅಕ್ಷರ ತೊಟ್ಟ ಅನುವಾದವೂ ಒಂದು ಬಗೆಯ ಕಲ್ಪಿತ ಯಂತ್ರವೇ ಅಲ್ಲವೆ? ನಡೆಯುತ್ತದೆ, ಆದರೆ ಭಾರವಾಗಿ. ಸಾಮಾನ್ಯ ಭಾಷೆಯ ಅನುವಾದ ಬಂದಾಗ ನಮ್ಮ ವಾಚಕರ ನಾಲಗೆ ಹಗುರವಾದದ್ದನ್ನು ಹಿರಿಯರು ಬಲ್ಲರು. ಇರಲಿ, ಇದು ವಿಷಯಾಂತರ.

ಕಥೋಲಿಕ ಕುಟುಂಬಗಳು ನೇರ ತಂತ್ರಾಂಶ ಹಿಡಿಯುವಾಗ ಎದುರಿಸುವ ನಿಜವಾದ ಕೊರತೆ ಮತ್ತೊಂದಿದೆ. ಇಂಡಿಯನ್ ರಿವೈಸ್ಡ್ ವರ್ಷನ್ನಿನಲ್ಲಿರುವುದು 66 ಗ್ರಂಥಗಳು. ನಮ್ಮ ಬೈಬಲಿನಲ್ಲಿ 73. ತೋಬಿತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಸಿರಾಕ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು ಅಲ್ಲಿಲ್ಲ. ಇದು ಪಂಡಿತರ ತಕರಾರಲ್ಲ. ಪವಿತ್ರ ಕುಟುಂಬದ ಹಬ್ಬದಂದು ತಂದೆತಾಯಿಯರನ್ನು ಗೌರವಿಸುವ ಬಗ್ಗೆ ನಾವು ಕೇಳುವ ಮೊದಲ ವಾಚನ ಸಿರಾಕ 3ನೆಯ ಅಧ್ಯಾಯದ್ದು. 2025ರ ಅಕ್ಟೋಬರ್ 26ರ ಭಾನುವಾರದ ಮೊದಲ ವಾಚನವೂ ಸಿರಾಕ, 35ನೆಯ ಅಧ್ಯಾಯ. ವಾಚಕಿ ಕಂಪ್ಯೂಟರಿನಲ್ಲಿ ಹುಡುಕಿದರೆ ಆ ಗ್ರಂಥವೇ ಇರುವುದಿಲ್ಲ. ಇಂಗ್ಲಿಷಿನ ಡೂಯೆ-ರೈಮ್ಸ್ ಅನುವಾದ ಸ್ವೋರ್ಡ್ ಭಂಡಾರದಲ್ಲಿ ಸಿಗುತ್ತದೆ, ಅದರಲ್ಲಿ ಈ ಗ್ರಂಥಗಳಿವೆ. ಆದರೆ ಹಳೆಯ ಇಂಗ್ಲಿಷು, ವಚನಗಳ ಎಣಿಕೆಯಲ್ಲೂ ವ್ಯತ್ಯಾಸ. ಕನ್ನಡಕ್ಕೆ ಮುದ್ರಿತ ಪವಿತ್ರ ಬೈಬಲನ್ನೇ ತೆರೆಯಬೇಕು.

ಎಣಿಕೆಯ ತೊಡಕು ಇನ್ನೂ ಸೂಕ್ಷ್ಮ. 2025ರ ನವೆಂಬರ್ 16ರಂದು, ಸಾಧಾರಣ ಕಾಲದ 33ನೆಯ ಭಾನುವಾರ, ಮೊದಲ ವಾಚನವೆಂದು ಸೂಚಿಸಿದ್ದು ಮಲಾಕಿ 3ನೆಯ ಅಧ್ಯಾಯದ 19 ಮತ್ತು 20ನೆಯ ವಚನ. ಕಿಂಗ್ ಜೇಮ್ಸ್ ಕ್ರಮದ ಬೈಬಲಿನಲ್ಲಿ ಮಲಾಕಿಯ ಮೂರನೆಯ ಅಧ್ಯಾಯ 18ನೆಯ ವಚನಕ್ಕೇ ಮುಗಿಯುತ್ತದೆ. ನಮಗೆ ಬೇಕಾದುದು ಅಲ್ಲಿ 4ನೆಯ ಅಧ್ಯಾಯದ 1 ಮತ್ತು 2. ಹೀಬ್ರೂ ಮೂಲದಲ್ಲಿ ಮಲಾಕಿಗೆ ಮೂರೇ ಅಧ್ಯಾಯ, ಕಿಂಗ್ ಜೇಮ್ಸಿನಲ್ಲಿ ನಾಲ್ಕು. ಸ್ವೋರ್ಡ್ ತಂತ್ರಾಂಶಕ್ಕೆ 2009ರವರೆಗೆ ಕಿಂಗ್ ಜೇಮ್ಸ್ ಕ್ರಮವೊಂದೇ ಗೊತ್ತಿತ್ತು. ಆ ವರ್ಷದ 1.6 ಆವೃತ್ತಿಯಿಂದ ಬೇರೆ ಕ್ರಮಗಳೂ ಸೇರಿದವು. ಕಾಣದ ವಚನ ಹುಡುಕುತ್ತ ಶನಿವಾರ ರಾತ್ರಿ ಕಂಗಾಲಾಗುವ ಬದಲು ಮುಂದಿನ ಅಧ್ಯಾಯದ ಮೊದಲ ಸಾಲನ್ನು ನೋಡಿ. ಈ ದೋಷ ನೇರ ತಂತ್ರಾಂಶಕ್ಕೂ ಕಲ್ಪಿತ ಯಂತ್ರಕ್ಕೂ ಸಮಾನ. ಪುಸ್ತಕಗಳ ಹೊರತು ಪೆಟ್ಟಿಗೆಯ ಬಗ್ಗೆ ಮಾತ್ರ ವಾದಿಸುವವರು ಇಂಥದ್ದನ್ನು ಗಮನಿಸುವುದೇ ಇಲ್ಲ.

ಹುಡುಕಾಟದಲ್ಲೂ ಕನ್ನಡದ ಜಾಯಮಾನ ಬೇರೆ. ಇಂಗ್ಲಿಷಿನಲ್ಲಿ ಒಂದು ಪದ ಹಾಕಿದರೆ ಅದಿರುವ ವಚನಗಳೆಲ್ಲ ಬರುತ್ತವೆ. ಕನ್ನಡದಲ್ಲಿ 'ದೇವರು' ಎಂದು ಇಡೀ ಪದ ಹುಡುಕಿದರೆ ದೇವರಿಗೆ, ದೇವರಲ್ಲಿ, ದೇವರನ್ನು ಯಾವುದೂ ಬಾರದು. ವಿಭಕ್ತಿ ಕಳಚಿ 'ದೇವರ' ಎಂಬ ಮೊದಲ ಭಾಗವನ್ನಷ್ಟೇ ಕೊಟ್ಟು, ಪದದ ಭಾಗವನ್ನು ಹುಡುಕು ಎನ್ನಬೇಕು. 'ಮಗು' ಕೊಟ್ಟರೆ 'ಮಕ್ಕಳು' ಸಿಕ್ಕದು. ಅದಕ್ಕೆ ನಿಮ್ಮ ವ್ಯಾಕರಣಜ್ಞಾನವೇ ಗತಿ. ಹಳೆಯ ನುಡಿ ಅಕ್ಷರದಲ್ಲಿ ಬರೆದ ಟಿಪ್ಪಣಿಗಳಂತೂ ಯೂನಿಕೋಡಿನ ಹುಡುಕಾಟಕ್ಕೆ ಕಾಣಿಸುವುದೇ ಇಲ್ಲ. ಸ್ಟ್ರಾಂಗ್ ಸಂಖ್ಯೆಗಳನ್ನು ಮೆಚ್ಚುವ ಯುವಕರಿಗೆ ಒಂದು ಎಚ್ಚರಿಕೆ: 1890ರ ಆ ಪದಕೋಶ ಕಟ್ಟಿದ್ದು ಇಂಗ್ಲಿಷಿನ ಕಿಂಗ್ ಜೇಮ್ಸ್ ಪಠ್ಯಕ್ಕೆ. ಅದರ ಮೂಲಕ ಕನ್ನಡ ಪದದಿಂದ ಹೀಬ್ರೂ ಪದಕ್ಕೆ ನೆಗೆಯುವವರು ನಡುವೆ ಇಂಗ್ಲಿಷಿನ ಹೊಳೆಯೊಂದನ್ನು ದಾಟುತ್ತಿದ್ದೇವೆಂದು ನೆನಪಿಡಬೇಕು.

ಮೊಬೈಲಿನ ಮಾತು ಕೊನೆಗೆ ಬಂದರೂ ಚಿಕ್ಕದಲ್ಲ. ನಮ್ಮ ಬಹುಪಾಲು ಯುವಜನರಿಗೆ ಕಂಪ್ಯೂಟರೆಂದರೆ ಅದೇ, ಮತ್ತು ಅಲ್ಲಿ ನೇರ ತಂತ್ರಾಂಶವೇ ನಡೆಯುವುದು. ವಿಚಿತ್ರವೆಂದರೆ ಅಲ್ಲಿಂದಲೂ ತಿರುಗು ಪ್ರಯಾಣ ಹೊರಟಿದೆ: ಮೊಬೈಲಿನ ಬೈಬಲನ್ನು ಚರ್ಚಿನ ಗೋಡೆಯ ಮೇಲೆ ತೋರಿಸಲು, ಕಂಪ್ಯೂಟರಿನೊಳಗೆ ಬ್ಲೂಸ್ಟ್ಯಾಕ್ಸಿನಂಥ ಕಲ್ಪಿತ ಮೊಬೈಲನ್ನು ಕೂರಿಸುವವರಿದ್ದಾರೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ತಾನೇ ಆಂಡ್ರಾಯ್ಡಿಗೆ ಅಂಥ ಕೋಣೆಯೊಂದನ್ನು ಕಟ್ಟಿಕೊಟ್ಟು, 2025ರ ಮಾರ್ಚ್ 5ರಂದು ಅದರ ಬೆಂಬಲ ನಿಲ್ಲಿಸಿತು. ಅತಿಥಿಯಾಗಿ ಇರುವವನು ಮನೆಯೊಡೆಯನ ಮರ್ಜಿಯಲ್ಲೇ ಇರಬೇಕು.

ಹಾಗಾದರೆ ಆಯ್ಕೆ ಯಾವುದು? ಹೊಸದಾಗಿ ಆರಂಭಿಸುವ ಮನೆಗೆ ನನ್ನ ಸಲಹೆ ನೇರ ತಂತ್ರಾಂಶ, ಅನುಮಾನವಿಲ್ಲ: ಕಂಪ್ಯೂಟರಿನಲ್ಲಿ ಬೈಬಲ್‌ಟೈಮ್, ಮೊಬೈಲಿನಲ್ಲಿ ಆಂಡ್‌ಬೈಬಲ್ ಅಥವಾ ಯೂವರ್ಶನ್, ಮೇಜಿನ ಮೇಲೆ 73 ಗ್ರಂಥಗಳ ಮುದ್ರಿತ ಬೈಬಲ್. ವಿಂಡೋಸ್ 11 ನಡೆಸಬಲ್ಲ ಯಂತ್ರ ಇರುವವರು ಇ-ಸ್ವೋರ್ಡನ್ನು ಅಲ್ಲಿಯೇ ನೇರವಾಗಿ ಮುಂದುವರಿಸಲಿ. ಕೈಗೆ ಒಗ್ಗಿದ್ದನ್ನು ಸುಮ್ಮನೆ ಬಿಡಬೇಕಿಲ್ಲ. ಹಳೆಯ ಟಿಪ್ಪಣಿಗಳಿರುವ ಮನೆ, ಅದರಲ್ಲೂ ನುಡಿ ಅಥವಾ ಬರಹದ ಹಳೆಯ ಅಕ್ಷರದಲ್ಲಿ ಬರೆದವರ ಮನೆ, ಕಲ್ಪಿತ ಯಂತ್ರವನ್ನು ಒಮ್ಮೆ ಕಟ್ಟಲಿ. ಆದರೆ ವಾಸಕ್ಕಲ್ಲ, ಸಾಮಾನು ಸಾಗಿಸಲು. ನಾಲ್ಕು ಊರಿನ ಪ್ರತಿ ಮನೆಯೂ ಕಟ್ಟಬೇಕಾಗಿಲ್ಲ. ಪರವಾನಗಿಯುಳ್ಳ ಒಂದು ಪ್ರತಿ, 8 ಜಿಬಿ ರ‍್ಯಾಮ್ ಇರುವ ಒಂದು ಯಂತ್ರ, ಕೆಲಸ ಬಲ್ಲ ಇಬ್ಬರು ಯುವಕರು ಧರ್ಮಕೇಂದ್ರದಲ್ಲಿದ್ದರೆ ಸಾಕು. ಮನೆಯವರು ತಮ್ಮ ಕಡತ ತಂದು, ಕೆಲಸ ಮುಗಿಸಿಕೊಂಡು ಹೋಗಬಹುದು.

ಕ್ರಮ ಹೀಗಿರಲಿ. ಹಳೆಯ ಕಂಪ್ಯೂಟರನ್ನು ಅಳಿಸುವ ಮೊದಲು 'ಡಾಕ್ಯುಮೆಂಟ್ಸ್' ಕೋಶದೊಳಗೆ ಇ-ಸ್ವೋರ್ಡಿನ ಹೆಸರಿನ ಉಪಕೋಶವಿದೆಯೇ ನೋಡಿ, ಇದ್ದರೆ ಇಡಿಯಾಗಿ ಎರಡು ಕಡೆ ನಕಲಿಸಿಕೊಳ್ಳಿ. ಬಳಸಿದ ಕನ್ನಡ ಫಾಂಟುಗಳನ್ನೂ ಜೊತೆಗಿಡಿ. ಅವಿಲ್ಲದೆ ಮುಂದಿನ ಕೆಲಸ ಕುರುಡು. ಒಳಯಂತ್ರದಲ್ಲಿ ತೆರೆದು, ಯೂನಿಕೋಡಿಗೆ ತಿರುಗಿಸಿ, ಒಂದು ಗ್ರಂಥಕ್ಕೆ ಒಂದರಂತೆ ಸಾದಾ ಪಠ್ಯದ ಕಡತವಾಗಿ ಉಳಿಸಿ. ಸಾದಾ ಪಠ್ಯವನ್ನು ಯಾವ ಯಂತ್ರವೂ, ಯಾವ ಕಾಲಕ್ಕೂ ತೆರೆಯಬಲ್ಲದು. ಪ್ರತಿ ಟಿಪ್ಪಣಿಯ ತಲೆಯಲ್ಲಿ ಅಧ್ಯಾಯ, ವಚನ ಬರೆಯಿರಿ, ಮಲಾಕಿಯಂಥ ಕಡೆ ಎರಡೂ ಎಣಿಕೆಗಳನ್ನು ಬರೆಯಿರಿ. ಬರೆದವರು ಯಾರು, ಯಾವ ವರ್ಷ ಎಂಬುದನ್ನು ಕಡತದ ಹೆಸರಿನಲ್ಲಿಯೇ ಸೇರಿಸಿ. ಮುಖ್ಯವಾದವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಯ ಬೈಬಲಿನ ಜೊತೆ ಇಡಿ. ಅದಾದ ಮೇಲೆ ಕಲ್ಪಿತ ಯಂತ್ರದ ಆ ದೊಡ್ಡ ಕಡತವನ್ನು ಒಂದು ವರ್ಷ ಕಾದಿರಿಸಿ, ಯಾರೂ ಮತ್ತೆ ಕೇಳದಿದ್ದರೆ ಅಳಿಸಬಹುದು.